ಪಿಎಚ್ ಇಳಿದ ಕೂಡಲೇ ಕಲ್ಲು ಸುರಿಯಬೇಡಿ: ಸುಣ್ಣದಕಲ್ಲಿನ ಸ್ಕ್ರಬ್ಬರ್ ನಡೆಸುವವರಿಗೆ

ನಾನು ಶಹಾಬಾದ ಕಡೆಯವಳು. ಕೆಲಸ ಬಾಯ್ಲರ್ ಹಿಂದಿನ ಸ್ಕ್ರಬ್ಬರ್‌ನಲ್ಲಿ, ಅಂದ್ರೆ ಹೊಗೆಯಿಂದ ಗಂಧಕದ ಅನಿಲ ತೊಳೆಯುವ ಟವರ್‌ನಲ್ಲಿ, ಶಿಫ್ಟ್ ಕೆಮಿಸ್ಟ್ ಆಗಿ. ಸೇಡಂ, ಚಿತ್ತಾಪುರ, ಯಾದಗಿರಿ ಕಡೆಯಿಂದ ಡಿಪ್ಲೊಮಾ ಅಥವಾ ಬಿ.ಎಸ್ಸಿ ಮುಗಿಸಿ ಬರುವ ಮಕ್ಕಳಿಗೆ ಈ ಕೆಲಸ ಕಲಿಸಿಕೊಡುವುದು ನನ್ನ ಪಾಲಿಗೆ ಬಂದಿದೆ. ಇಂಗ್ಲಿಷ್ ಮ್ಯಾನ್ಯುಯಲ್ ಓದಿ ತಲೆ ಕೆರೆದುಕೊಳ್ಳುವವರಿಗೆ ನಮ್ಮ ಭಾಷೆಯಲ್ಲೇ ಬರೆದಿಡೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರಬ್ಬರ್‌ನಲ್ಲಿ ಹೊಗೆ ತೊಳೆಯುವುದು ಕಲ್ಲಲ್ಲ, ನೀರಿನಲ್ಲಿ ಕರಗಿದ ಕಲ್ಲು. ಕರಗದ ಕಲ್ಲು ಎಷ್ಟೇ ಇದ್ದರೂ ಅದು ತೊಟ್ಟಿಯ ತಳದ ಭಾರ ಅಷ್ಟೇ. ಪಿಎಚ್ (ಆಮ್ಲದ ಅಳತೆ; ಇಳಿದಷ್ಟೂ ಆಮ್ಲ ಜಾಸ್ತಿ) ಇಳಿಯಿತು ಅಂದ್ರೆ "ಕಲ್ಲು ಯಾಕೆ ಕರಗುತ್ತಿಲ್ಲ?" ಅಂತ ಮೊದಲು ಕೇಳಬೇಕು. ಫೀಡ್ ವಾಲ್ವ್ ಆಮೇಲೆ.

ಒಳಗೆ ಏನು ನಡೆಯುತ್ತದೆ

ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಅದು ಉರಿದು ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಇಎಸ್‌ಪಿ (ವಿದ್ಯುತ್ತಿನಿಂದ ಕಣ ಹಿಡಿಯುವ ಯಂತ್ರ) ಬೂದಿಯನ್ನು ಹಿಡಿಯುತ್ತದೆ, ಈ ಅನಿಲವನ್ನು ಹಿಡಿಯಲಾರದು. ಅದಕ್ಕೇ ಇಎಸ್‌ಪಿ ದಾಟಿದ ಹೊಗೆಯನ್ನು ಅಬ್ಸಾರ್ಬರ್ ಟವರ್‌ಗೆ ಕೆಳಗಿನಿಂದ ಬಿಡುತ್ತೇವೆ. ಬರುವಾಗ ಸುಮಾರು 130 ಡಿಗ್ರಿ ಬಿಸಿ ಇರುತ್ತದೆ. ಮೇಲಿಂದ ನಾಝಲ್‌ಗಳು ಸುಣ್ಣದಕಲ್ಲಿನ ಸ್ಲರಿಯನ್ನು, ಅಂದ್ರೆ ಕಲ್ಲಿನ ಪುಡಿ ಬೆರೆಸಿದ ನೀರನ್ನು, ಮಳೆಯ ಹಾಗೆ ಸುರಿಸುತ್ತವೆ. ಅನಿಲ ಹನಿಯೊಳಗೆ ಕರಗಿ ಆಮ್ಲವಾಗುತ್ತದೆ, ಕರಗಿದ ಸುಣ್ಣ ಆ ಆಮ್ಲವನ್ನು ಹಿಡಿದುಕೊಂಡು ಸಲ್ಫೈಟ್ ಆಗುತ್ತದೆ. ಕೆಳಗಿನ ತೊಟ್ಟಿಗೆ ಬ್ಲೋವರ್‌ನಿಂದ ಗಾಳಿ ಊದಿದಾಗ ಸಲ್ಫೈಟ್ ಹೋಗಿ ಸಲ್ಫೇಟ್ ಆಗುತ್ತದೆ, ಅದೇ ಜಿಪ್ಸಂ. ಹೊಗೆ 50–55 ಡಿಗ್ರಿಗೆ ತಣ್ಣಗಾಗಿ, ಒದ್ದೆಯಾಗಿ ಮೇಲಿಂದ ಹೊರಟು ಹೋಗುತ್ತದೆ.

ಲೆಕ್ಕ ಬಾಯಲ್ಲಿ ಬರಬೇಕು. ಒಂದು ಟನ್ ಸಲ್ಫರ್ ಡೈಆಕ್ಸೈಡ್ ಹಿಡಿಯಲು 1.56 ಟನ್ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಬೇಕು. ಅದರಿಂದ ಬರುವ ಒಣ ಜಿಪ್ಸಂ 2.69 ಟನ್. ಗಂಟೆಗೆ 20 ಟನ್ ಕಲ್ಲಿದ್ದಲು ಉರಿಸುವ ಬಾಯ್ಲರ್ ತೆಗೆದುಕೊಳ್ಳಿ, ಗಂಧಕ 0.6 ಪರ್ಸೆಂಟ್ ಅಂತ ಇಟ್ಟುಕೊಳ್ಳಿ. ಗಂಧಕ 120 ಕೆಜಿ, ಅದೆಲ್ಲ ಉರಿದರೆ ಅನಿಲ 240 ಕೆಜಿ. ನೂರಕ್ಕೆ 90 ಹಿಡಿದರೆ 216 ಕೆಜಿ. ಇದಕ್ಕೆ ಶುದ್ಧ ಕಲ್ಲು 337 ಕೆಜಿ ಸಾಕು. ಆದರೆ ಕಲ್ಲು ನೂರಕ್ಕೆ ನೂರು ಶುದ್ಧ ಇರುವುದಿಲ್ಲ, ಹಾಕಿದ್ದೆಲ್ಲ ಕರಗುವುದೂ ಇಲ್ಲ. 90 ಪರ್ಸೆಂಟ್ ಕಲ್ಲು, ಮೇಲೆ 5 ಪರ್ಸೆಂಟ್ ಜಾಸ್ತಿ ಅಂತ ಹಿಡಿದರೆ ಗಂಟೆಗೆ ಸುಮಾರು 395 ಕೆಜಿ. ದಿನಕ್ಕೆ ಒಂಬತ್ತೂವರೆ ಟನ್ ಕಲ್ಲು ಒಳಗೆ, ಹತ್ತಿರ ಹತ್ತಿರ 14 ಟನ್ ಜಿಪ್ಸಂ ಹೊರಗೆ. ನಿಮ್ಮ ಪ್ಲಾಂಟಿನ ಕಲ್ಲಿದ್ದಲಿನ ರಿಪೋರ್ಟ್ ಇಟ್ಟುಕೊಂಡು ಇದೇ ಲೆಕ್ಕವನ್ನು ಒಮ್ಮೆ ಕೈಯಲ್ಲಿ ಮಾಡಿ. ಕಂಪ್ಯೂಟರ್ ತೋರಿಸುವ ಫೀಡ್ ಇದಕ್ಕಿಂತ ತೀರಾ ಜಾಸ್ತಿ ಇದ್ದರೆ ಎಲ್ಲೋ ಕಲ್ಲು ಸುಮ್ನೆ ಹಾಳಾಗುತ್ತಿದೆ ಅಂತ ಅರ್ಥ.

ನಮ್ಮ ದೇಶದಲ್ಲಿ ಪವರ್ ಪ್ಲಾಂಟುಗಳಿಗೆ ಈ ಅನಿಲದ ಮಿತಿ ಬಂದದ್ದು 2015ರ ಡಿಸೆಂಬರ್‌ನಲ್ಲಿ. ಹಳೆಯ ಘಟಕಗಳಲ್ಲಿ 500 ಮೆಗಾವಾಟ್‌ಗಿಂತ ಚಿಕ್ಕವಕ್ಕೆ ಘನ ಮೀಟರಿಗೆ 600 ಮಿಲಿಗ್ರಾಂ, 500 ಮತ್ತು ಅದಕ್ಕಿಂತ ದೊಡ್ಡವಕ್ಕೆ 200, 2017ರಿಂದ ಈಚೆಗೆ ಬಂದವಕ್ಕೆ 100. ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. 2025ರ ಜುಲೈನಲ್ಲಿ ಬಹಳಷ್ಟು ಪ್ಲಾಂಟುಗಳಿಗೆ ವಿನಾಯಿತಿಯೂ ಸಿಕ್ಕಿತು. ನನಗೆ ಅದು ಸರಿ ಅನ್ನಿಸಿಲ್ಲ. ಈ ಅನಿಲ ಗಾಳಿಯಲ್ಲಿ ಸಲ್ಫೇಟ್‌ನ ಸಣ್ಣ ಕಣವಾಗಿ ನೂರಾರು ಕಿಲೋಮೀಟರ್ ಹೋಗುತ್ತದೆ, ಉಬ್ಬಸ ಇರುವವರ ಎದೆ ಹಿಡಿಯುತ್ತದೆ. ಸ್ಕ್ರಬ್ಬರ್ ಕಟ್ಟಿದ ಮೇಲೆ ಅದನ್ನು ಸರಿಯಾಗಿ ನಡೆಸುವುದು ನಮ್ಮ ಕೈಯಲ್ಲಿದೆ.

ಕಲ್ಲು ಆರಿಸುವುದು

ಕಲಬುರಗಿ ಜಿಲ್ಲೆಯವರಿಗೆ ಸುಣ್ಣದಕಲ್ಲು ಯಾರೂ ಪರಿಚಯಿಸಬೇಕಾಗಿಲ್ಲ. ಮನೆಯ ನೆಲದಲ್ಲಿ ಶಹಾಬಾದ ಫರ್ಸಿ, ಹೊರಗೆ ನೋಡಿದರೆ ವಾಡಿ, ಮಳಖೇಡ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು. ಅದಕ್ಕೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಇಷ್ಟು ಕಲ್ಲು ಇಲ್ಲೇ ಬಿದ್ದಿದೆ, ಯಾವುದನ್ನಾದರೂ ಅರೆದು ಹಾಕಿದರೆ ಆಯಿತಲ್ವಾ?"

ಆಗುವುದಿಲ್ಲ. ಸಿಮೆಂಟಿಗೆ ಹೊಂದುವ ಕಲ್ಲೆಲ್ಲ ಸ್ಕ್ರಬ್ಬರ್‌ಗೆ ಹೊಂದುವುದಿಲ್ಲ. ಸಿಮೆಂಟ್ ಕಿಲ್ನ್‌ಗೆ ಮಣ್ಣು, ಮರಳಿನ ಅಂಶ ಹೇಗೂ ಬೇಕು. ಅಲ್ಲಿ ಕಾರ್ಬೊನೇಟ್ 80 ಪರ್ಸೆಂಟ್ ಇದ್ದರೂ ನಡೆಯುತ್ತದೆ. ನಮಗೆ 90ಕ್ಕಿಂತ ಮೇಲೆ ಇರಬೇಕು. ಉಳಿದ ಹತ್ತರಲ್ಲಿ ಏನಿದೆ ಅನ್ನುವುದೂ ಮುಖ್ಯ. ಮರಳಿನ ಅಂಶ, ಅಂದ್ರೆ ಸಿಲಿಕಾ, ಪಂಪಿನ ಇಂಪೆಲ್ಲರ್ ಮತ್ತು ನಾಝಲ್ ತಿಂದುಹಾಕುತ್ತದೆ. ಜೇಡಿ ಮಣ್ಣು ಜಿಪ್ಸಂ ನೀರು ಬಿಡದ ಹಾಗೆ ಮಾಡುತ್ತದೆ. ಡಾಲೊಮೈಟ್ (ಮೆಗ್ನೀಷಿಯಂ ಸೇರಿದ ಕಲ್ಲು) ಬಂದರೆ ಅದು ಬೇಗ ಕರಗುವುದಿಲ್ಲ, ಹಾಗೇ ಜಿಪ್ಸಂ ಜೊತೆ ಹೊರಗೆ ಹೋಗುತ್ತದೆ.

ಪಾಲಿಶ್ ಯೂನಿಟ್‌ಗಳ ಹಿಂದೆ ಗುಡ್ಡೆ ಬಿದ್ದಿರುವ ಫರ್ಸಿ ಕೆಸರನ್ನು ಬಳಸಬಹುದಾ ಅಂತಲೂ ಕೇಳುತ್ತಾರೆ. ಪರೀಕ್ಷೆ ಮಾಡದೆ ಹೌದು ಅನ್ನಬೇಡಿ, ಬೇಡ ಅಂತಲೂ ಅನ್ನಬೇಡಿ. ಆಗಲೇ ನುಣ್ಣಗಾಗಿದೆ, ಅದು ಅದರ ಲಾಭ. ಆದರೆ ಫರ್ಸಿ ಪದರು ಪದರಾಗಿ ಕೂತ ಕಲ್ಲು. ಪದರಿನ ನಡುವೆ ಜೇಡಿ ಇರಬಹುದು, ಬಣ್ಣದ ಪದರಿನಲ್ಲಿ ಸಿಲಿಕಾ ಜಾಸ್ತಿ ಇರಬಹುದು. ಒಂದೇ ಗುಡ್ಡೆಯ ಎರಡು ಬದಿಗೆ ಎರಡು ಥರದ ರಿಸಲ್ಟ್ ಬರುತ್ತದೆ.

ಲಾರಿ ಬಂದ ಕೂಡಲೇ ನೀವೇ ಮಾಡಬಹುದಾದ ಪರೀಕ್ಷೆ ಇದು. ಲಾರಿಯ ನಾಲ್ಕಾರು ಕಡೆಯಿಂದ ಕಲ್ಲು ತೆಗೆದು, ಕುಟ್ಟಿ, ಬೆರೆಸಿ, ಒಣಗಿಸಿ, ನುಣ್ಣಗೆ ಅರೆಯಿರಿ. ಸರಿಯಾಗಿ ಒಂದು ಗ್ರಾಂ ತೂಗಿ ಕೋನಿಕಲ್ ಫ್ಲಾಸ್ಕ್‌ಗೆ ಹಾಕಿ. ಮೊದಲು ಸ್ವಲ್ಪ ನೀರಿನಲ್ಲಿ ನೆನೆಸಿ. ಇಲ್ಲದಿದ್ದರೆ ಆಮ್ಲ ಬಿದ್ದ ಕೂಡಲೇ ಪುಡಿ ಸಿಡಿದು ಗೋಡೆಗೆ ಅಂಟುತ್ತದೆ. 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ 25 ಮಿಲಿ ಪಿಪೆಟ್‌ನಿಂದ ನಿಧಾನಕ್ಕೆ ಬಿಡಿ. ಬುಸ್ಸೆಂದು ನೊರೆ ಬರುತ್ತದೆ. ಆ ನೊರೆಯನ್ನು ನೋಡುತ್ತಾ ನಿಲ್ಲಿ, ಬಹಳ ತಿಳಿಯುತ್ತದೆ. ಒಳ್ಳೆಯ ಕಲ್ಲು ಜೋರಾಗಿ ನೊರೆ ಬಿಟ್ಟು ಬೇಗ ಸುಮ್ಮನಾಗುತ್ತದೆ. ಡಾಲೊಮೈಟ್ ಇದ್ದರೆ ತಣ್ಣನೆ ಆಮ್ಲದಲ್ಲಿ ಸಣ್ಣ ಸಣ್ಣ ಗುಳ್ಳೆ ಬಹಳ ಹೊತ್ತು ಬರುತ್ತಾ ಇರುತ್ತವೆ. ನೊರೆ ನಿಂತ ಮೇಲೆ ಸಣ್ಣ ಉರಿಯಲ್ಲಿ ಕುದಿಸಿ ಇಂಗಾಲದ ಡೈಆಕ್ಸೈಡ್ ಹೊರಗೆ ಹಾಕಿ. ತಣ್ಣಗಾಗಲು ಬಿಡಿ. ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ 0.5 ನಾರ್ಮಲ್ ಕಾಸ್ಟಿಕ್ ಸೋಡಾದಿಂದ ಟೈಟ್ರೇಟ್ ಮಾಡಿ.

ಬ್ಯೂರೆಟ್ ರೀಡಿಂಗ್ 10 ಮಿಲಿ ಬಂದರೆ ಕಲ್ಲು ನೂರಕ್ಕೆ ನೂರು. 14 ಬಂದರೆ 90 ಪರ್ಸೆಂಟ್. 16 ದಾಟಿತು ಅಂದ್ರೆ 85ಕ್ಕಿಂತ ಕೆಳಗೆ. ಸೂತ್ರ ಸುಲಭ: ರೀಡಿಂಗಿನ ಅರ್ಧವನ್ನು 25ರಿಂದ ಕಳೆದು 5ರಿಂದ ಗುಣಿಸಿ. ಈ ಲೆಕ್ಕದಲ್ಲಿ ಮೆಗ್ನೀಷಿಯಂ ಕಾರ್ಬೊನೇಟ್ ಕೂಡ ಸೇರಿಕೊಳ್ಳುತ್ತದೆ. ಹಾಗಾಗಿ ಹೊಸ ಕ್ವಾರಿಯ ಕಲ್ಲಾದರೆ ಇಡಿಟಿಎ ಟೈಟ್ರೇಷನ್ ಮಾಡಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಬೇರೆ ಬೇರೆ ನೋಡಲೇಬೇಕು. ಫ್ಲಾಸ್ಕಿನ ತಳದಲ್ಲಿ ಉಳಿದದ್ದನ್ನು ಸೋಸಿ ಬೆರಳ ನಡುವೆ ಉಜ್ಜಿ ನೋಡಿ. ಗರಗರ ಅಂದರೆ ಮರಳು, ಜಾರಿದರೆ ಜೇಡಿ.

ಅರೆಯುವುದು

ಕಲ್ಲುಸಕ್ಕರೆಗೂ ಸಕ್ಕರೆ ಪುಡಿಗೂ ಚಹಾದಲ್ಲಿ ಕರಗುವುದರಲ್ಲಿ ಇರುವ ವ್ಯತ್ಯಾಸವೇ ಇಲ್ಲೂ. ಬಾಲ್ ಮಿಲ್‌ನಿಂದ ಬಂದ ಪುಡಿಯಲ್ಲಿ ನೂರಕ್ಕೆ 90 ಭಾಗ 325 ಮೆಶ್ ಜರಡಿ ದಾಟಬೇಕು, ಅಂದ್ರೆ 44 ಮೈಕ್ರಾನ್. ಜರಡಿ ಪರೀಕ್ಷೆಯನ್ನು ಒದ್ದೆಯಾಗಿಯೇ ಮಾಡಿ. ಒಣ ಪುಡಿ ಗಂಟು ಕಟ್ಟಿ ಸುಳ್ಳು ಲೆಕ್ಕ ಕೊಡುತ್ತದೆ. ಮಿಲ್ ಒಳಗಿನ ಗುಂಡುಗಳು ಸವೆದಾಗ ಪುಡಿ ನಿಧಾನಕ್ಕೆ ದಪ್ಪ ಆಗುತ್ತಾ ಹೋಗುತ್ತದೆ. ಯಾರ ಕಣ್ಣಿಗೂ ಬೀಳುವುದಿಲ್ಲ, ಕಲ್ಲಿನ ಖರ್ಚು ಮಾತ್ರ ಏರುತ್ತದೆ. ಫೀಡ್ ಸ್ಲರಿಯಲ್ಲಿ ಘನ ಅಂಶ 25–30 ಪರ್ಸೆಂಟ್ ಸಾಕು. 30 ಪರ್ಸೆಂಟ್ ಸ್ಲರಿ ಒಂದು ಲೀಟರ್ ತೂಗಿದರೆ 1.23 ಕೆಜಿ ಹತ್ತಿರ ಬರಬೇಕು.

ದಿನದ ಕೆಲಸ: ಪಿಎಚ್ ಮತ್ತು ಡೆನ್ಸಿಟಿ

ಅಬ್ಸಾರ್ಬರ್ ತೊಟ್ಟಿಯ ಪಿಎಚ್ 5.2ರಿಂದ 5.8ರ ಒಳಗೆ ಇರಲಿ. ಮೇಲೆ ಹೋದರೆ ಅನಿಲ ಚೆನ್ನಾಗಿ ಹಿಡಿಯುತ್ತದೆ, ಆದರೆ ಕಲ್ಲು ಕರಗುವುದು ನಿಧಾನ. ಜಿಪ್ಸಂನಲ್ಲಿ ಬಿಳಿ ಕಲ್ಲು ಹಾಗೇ ಹೊರಗೆ ಹೋಗುತ್ತದೆ. ಸಲ್ಫೈಟ್ ಕೂಡ ಸಲ್ಫೇಟ್ ಆಗಲು ತಡ ಮಾಡುತ್ತದೆ. ಕೆಳಗೆ ಹೋದರೆ ಕಲ್ಲು ಬೇಗ ಕರಗುತ್ತದೆ, ಆದರೆ ಚಿಮಣಿಯ ರೀಡಿಂಗ್ ಏರುತ್ತದೆ, ಲೋಹ ತಿನ್ನುವುದು ಶುರುವಾಗುತ್ತದೆ.

ಮೀಟರ್ ನಂಬುವ ಮೊದಲು ಮೀಟರ್ ತೊಳೆಯಿರಿ. ಎಲೆಕ್ಟ್ರೋಡ್ ಮೇಲೆ ಜಿಪ್ಸಂ ಪದರ ಕೂತರೆ ಅದು ನಿನ್ನೆಯ ಪಿಎಚ್ ತೋರಿಸುತ್ತಾ ಇರುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ತೊಳೆದು, 4 ಮತ್ತು 7ರ ಬಫರ್‌ನಲ್ಲಿ ಸೆಟ್ ಮಾಡಿ. ಶಿಫ್ಟಿಗೆ ಒಮ್ಮೆ ಕೈ ಮೀಟರ್ ಹಿಡಿದು ಹೋಲಿಸಿ. ಸ್ಯಾಂಪಲ್ ತೆಗೆದ ಜಾಗದಲ್ಲೇ ನೋಡಬೇಕು. ಲ್ಯಾಬಿಗೆ ತರುವಷ್ಟರಲ್ಲಿ ಬೀಕರಿನಲ್ಲಿರುವ ಕಲ್ಲು ಕರಗುತ್ತಾ ಪಿಎಚ್ ಏರಿರುತ್ತದೆ.

ಡೆನ್ಸಿಟಿಗೆ ಒಂದು ಲೀಟರ್ ಸಿಲಿಂಡರ್, ಒಂದು ತೂಕದ ಯಂತ್ರ ಸಾಕು. ತೊಟ್ಟಿಯ ಸ್ಲರಿ 1.09 ಕೆಜಿ ತೂಗಿದರೆ ಘನ ಅಂಶ 15 ಪರ್ಸೆಂಟ್, 1.13 ತೂಗಿದರೆ 20. ಇದರ ನಡುವೆ ಇಟ್ಟುಕೊಳ್ಳಿ. ತೀರಾ ತೆಳುವಾದರೆ ಜಿಪ್ಸಂ ಹರಳು ಕೂರಲು ಬೀಜ ಇಲ್ಲದೆ ಗೋಡೆಗೆ, ಪೈಪಿಗೆ ಹತ್ತಿಕೊಳ್ಳುತ್ತದೆ. ದಪ್ಪ ಆದರೆ ಪಂಪು ಸವೆಯುತ್ತದೆ.

ಕಲ್ಲು ಕುರುಡಾದಾಗ

ಒಂದು ರಾತ್ರಿ ಶಿಫ್ಟಿನಲ್ಲಿ ಆಪರೇಟರ್ ಹುಡುಗನ ಫೋನ್ ಬಂತು. "ಮೇಡಮ್ರಿ, ಕಲ್ಲ ಡಬಲ್ ಮಾಡೀನಿ, ಪಿಎಚ್ ಏರವಲ್ದ್ರಿ. ಇನ್ನಷ್ಟ ಬಿಡ್ಲೇನ್ರಿ?"

"ಬ್ಯಾಡ ತಮ್ಮಾ. ಕಲ್ಲ ಲೋಡಿಗೆ ತಕ್ಕಷ್ಟಕ್ಕ ಇಳಸು. ಒಂದ್ ಬೀಕರ್ ಸ್ಯಾಂಪಲ್ ತಗದಿಡು, ಬರ್ತೀನಿ."

ಬೀಕರಿನಲ್ಲಿ ಮೀಟರ್ ಅದ್ದಿ, ಕಲಕುತ್ತಾ ಹತ್ತು ನಿಮಿಷ ನೋಡಿದೆವು. ತೊಟ್ಟಿಯಿಂದ ಹೊರಗೆ ಬಂದ ಸ್ಲರಿಗೆ ಹೊಸ ಅನಿಲ ಸೇರುವುದಿಲ್ಲ. ಕಲ್ಲು ಜೀವಂತ ಇದ್ದರೆ ಪಿಎಚ್ ಮೇಲೆ ಬರಲೇಬೇಕು. ಅದು 4.7ರಲ್ಲೇ ಕೂತಿತ್ತು. ಅದೇ ಸ್ಲರಿಯನ್ನು ಸೋಸಿ ಉಳಿದ ಪುಡಿಗೆ ಆಮ್ಲ ಹಾಕಿದರೆ ಭುಸ್ಸೆಂದು ನೊರೆ. ಕಲ್ಲು ಬೇಕಾದಷ್ಟು ಇತ್ತು, ಆದರೆ ಕರಗುತ್ತಿರಲಿಲ್ಲ. ಇದಕ್ಕೆ ನಮ್ಮಲ್ಲಿ ಕಲ್ಲು ಕುರುಡಾಯಿತು ಅನ್ನುತ್ತೇವೆ.

ಕಾರಣ ಇಎಸ್‌ಪಿಯಲ್ಲಿತ್ತು. ಅದರ ಒಂದು ಫೀಲ್ಡ್, ಅಂದ್ರೆ ಬೂದಿ ಹಿಡಿಯುವ ಒಂದು ವಿಭಾಗ, ಟ್ರಿಪ್ ಆಗಿ ಬೂದಿ ಹೊಗೆಯ ಜೊತೆ ಒಳಗೆ ಬರುತ್ತಿತ್ತು. ಬೂದಿಯಲ್ಲಿ ಅಲ್ಯುಮಿನಿಯಂ ಇರುತ್ತದೆ, ಕಲ್ಲಿದ್ದಲಿನಿಂದ ಫ್ಲೋರೈಡ್ ಬರುತ್ತದೆ. ಎರಡೂ ನೀರಿನಲ್ಲಿ ಸೇರಿ ಕಲ್ಲಿನ ಪುಡಿಯ ಮೇಲೆ ತೆಳು ಪದರ ಕಟ್ಟುತ್ತವೆ. ಆಮೇಲೆ ಎಷ್ಟು ಕಲ್ಲು ಸುರಿದರೂ ಹೊಸ ಕಲ್ಲಿಗೂ ಅದೇ ಗತಿ. ಆಪರೇಟರ್ ಹೆದರಿ ಇನ್ನಷ್ಟು ಸುರಿಯುತ್ತಾನೆ, ತೊಟ್ಟಿ ದಪ್ಪ ಆಗುತ್ತದೆ, ಜಿಪ್ಸಂ ಕೆಡುತ್ತದೆ. ಕೊನೆಗೆ ಪದರ ಬಿಟ್ಟ ದಿನ ಒಮ್ಮೆಲೇ ಪಿಎಚ್ ಮೇಲೆ ಹಾರುತ್ತದೆ.

ಮಾಡಬೇಕಾದದ್ದು ಹೀಗೆ. ಮೊದಲು ಇಎಸ್‌ಪಿ ರೂಮಿಗೆ ಫೋನ್ ಮಾಡಿ ಫೀಲ್ಡ್ ವಾಪಸ್ ತರಿಸಿ. ಬಾಯ್ಲರ್ ಲೋಡ್ ಇಳಿಸಲು ಶಿಫ್ಟ್ ಇಂಚಾರ್ಜ್‌ಗೆ ಹೇಳಿ. ಬೈಸಿಕೊಳ್ಳುತ್ತೀರಿ, ಆದರೂ ಹೇಳಿ. ಕಲ್ಲಿನ ಫೀಡ್ ಅನಿಲದ ಲೆಕ್ಕಕ್ಕೆ ತಕ್ಕಷ್ಟೇ ಇರಲಿ. ಪರ್ಜ್ (ತೊಟ್ಟಿಯ ಕೊಳೆ, ಉಪ್ಪು ತುಂಬಿದ ನೀರನ್ನು ಹೊರಗೆ ಬಿಡುವುದು) ಹೆಚ್ಚಿಸಿ, ಕೆಟ್ಟ ಸ್ಲರಿಯಲ್ಲಿ ಒಂದಷ್ಟನ್ನು ಎಮರ್ಜೆನ್ಸಿ ಟ್ಯಾಂಕಿಗೆ ಬಿಟ್ಟು ಹೊಸ ನೀರು ಕೊಡಿ. ಪ್ಲಾಂಟಿನಲ್ಲಿ ಕಾಸ್ಟಿಕ್ ಡೋಸಿಂಗ್ ಇದ್ದರೆ ಸ್ವಲ್ಪ ಸ್ವಲ್ಪ ಕೊಟ್ಟು ಪಿಎಚ್ ಮೇಲೆ ಎತ್ತಿ. ಪಿಎಚ್ ಏರಿದರೆ ಆ ಅಲ್ಯುಮಿನಿಯಂ ನೀರಿನಿಂದ ಬೇರೆಯಾಗಿ ಕೂರುತ್ತದೆ, ಕಲ್ಲು ಮತ್ತೆ ಕರಗತೊಡಗುತ್ತದೆ. ಕೆಲವು ಕಡೆ ಅಡಿಪಿಕ್ ಆಮ್ಲದಂಥದ್ದನ್ನೂ ಹಾಕುತ್ತಾರೆ. ಅದು ಪಿಎಚ್ ಹನಿಯೊಳಗೆ ಬೇಗ ಕುಸಿಯದ ಹಾಗೆ ಹಿಡಿದಿಡುತ್ತದೆ. ಆ ರಾತ್ರಿ ಫೀಲ್ಡ್ ಚಾಲೂ ಆದ ಮೇಲೆ ಬೆಳಗಿನ ಹೊತ್ತಿಗೆ ಪಿಎಚ್ 5.3ಕ್ಕೆ ಬಂತು.

ಬೇಸಿಗೆ ಮತ್ತು ನೀರು

ನಮ್ಮ ಕಡೆ ಇದನ್ನು ಬೇರೆಯಾಗಿಯೇ ಹೇಳಬೇಕು. ಬಿಸಿ ಹೊಗೆ ತಣ್ಣಗಾಗುವುದೇ ಸ್ಲರಿಯ ನೀರನ್ನು ಆವಿ ಮಾಡಿ. ಆ ನೀರು ಚಿಮಣಿಯಿಂದ ಹೋಗುತ್ತದೆ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಾಗಿಣಾ ನದಿ ಒಣಗಿ, ಬೋರಿನ ನೀರು ಉಪ್ಪಾದಾಗ "ನೀರು ಉಳಿಸಿ, ಪರ್ಜ್ ಕಮ್ಮಿ ಮಾಡಿ" ಅಂತ ಮೇಲಿಂದ ಹೇಳುತ್ತಾರೆ. ನೀರಿನ ಕಷ್ಟ ನಮಗೂ ಗೊತ್ತು. ಆದರೆ ಪರ್ಜ್ ಕಟ್ಟಿದರೆ ಕ್ಲೋರೈಡ್ ಏರುತ್ತಾ ಹೋಗುತ್ತದೆ. ಕ್ಲೋರೈಡ್ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಕೂತರೆ ಕಲ್ಲು ಕರಗಲು ಬಿಡುವುದಿಲ್ಲ, ಉಕ್ಕನ್ನೂ ತೂತು ಮಾಡುತ್ತದೆ. ನಿಮ್ಮ ಟವರಿನ ಲೋಹಕ್ಕೆ ತಯಾರಕರು ಹಾಕಿದ ಮಿತಿ ಏನೋ ಅದನ್ನು ಗೋಡೆಗೆ ಬರೆದು ಅಂಟಿಸಿ. 20,000 ಪಿಪಿಎಂ ಅನ್ನುವುದು ಸಾಮಾನ್ಯವಾಗಿ ಕಾಣುವ ಮಿತಿ. ವಾರಕ್ಕೊಮ್ಮೆ ಮಾಡುವ ಟೆಸ್ಟನ್ನು ಬೇಸಿಗೆಯಲ್ಲಿ ದಿನಾ ಮಾಡಿ. ನೀರು ಉಳಿಸಬೇಕು ಅಂದ್ರೆ ಕೂಲಿಂಗ್ ಟವರಿನಿಂದ ಹೊರಗೆ ಬಿಡುವ ಬ್ಲೋಡೌನ್ ನೀರನ್ನು ಕಲ್ಲು ಅರೆಯಲು ಕೊಡಬಹುದಾ ಅಂತ ನೋಡಿ, ಅದರ ಉಪ್ಪಿನ ಲೆಕ್ಕ ಹಾಕಿಯೇ. ಮಿಸ್ಟ್ ಎಲಿಮಿನೇಟರ್‌ಗೆ ಮಾತ್ರ ಒಳ್ಳೆಯ ನೀರೇ ಬೇಕು, ಅಲ್ಲಿ ರಾಜಿ ಬೇಡ. ಅದರ ಅಲೆಅಲೆ ಹಲಗೆಗಳು ಹನಿ ಹಿಡಿಯುತ್ತವೆ. ತೊಳೆಯುವ ಸರದಿ ತಪ್ಪಿದರೆ ಗಟ್ಟಿಯಾಗಿ ಮುಚ್ಚಿಕೊಂಡು ಒತ್ತಡದ ವ್ಯತ್ಯಾಸ ಏರುತ್ತದೆ.

ಗಾಳಿ, ಜಿಪ್ಸಂ

ಬ್ಲೋವರ್ ಗಾಳಿ ಕಮ್ಮಿ ಆದರೆ ಸಲ್ಫೈಟ್ ಅರ್ಧಂಬರ್ಧ ಉಳಿದು ಎಲ್ಲಕ್ಕಿಂತ ಕೆಟ್ಟ ಗಟ್ಟಿ ಪದರ ಕಟ್ಟುತ್ತದೆ. ನೂರಕ್ಕೆ 99 ಭಾಗ ಸಲ್ಫೇಟ್ ಆಗಬೇಕು. ಅಯೋಡಿನ್ ಟೈಟ್ರೇಷನ್ ಮಾಡಿ ಸಲ್ಫೈಟ್ ನೋಡುತ್ತಾ ಇರಿ. ನೀರು ಸೋಸಿ ತೆಗೆಯುವ ಬೆಲ್ಟ್ ಫಿಲ್ಟರ್ ಮೇಲಿನ ಜಿಪ್ಸಂ ಮರಳಿನ ಹಾಗೆ ಉದುರದೆ ಮೊಸರಿನ ಹಾಗೆ ನಡುಗಿದರೆ ಮೂರರಲ್ಲಿ ಒಂದು ಕಾರಣ: ಸಲ್ಫೈಟ್, ಜೇಡಿ, ಇಲ್ಲವೇ ಬೂದಿ.

ತೇವ 10 ಪರ್ಸೆಂಟ್ ಒಳಗೆ ಬಂದ ಶುದ್ಧ ಜಿಪ್ಸಂಗೆ ಇಲ್ಲಿ ಗಿರಾಕಿ ದೂರ ಇಲ್ಲ. ಸಿಮೆಂಟ್ ಬೇಗ ಗಟ್ಟಿಯಾಗದಿರಲಿ ಅಂತ ಕ್ಲಿಂಕರ್ ಜೊತೆ 3–5 ಪರ್ಸೆಂಟ್ ಜಿಪ್ಸಂ ಅರೆಯುತ್ತಾರೆ. ಸುತ್ತಮುತ್ತಲಿನ ನೆಲದಿಂದ ಕಲ್ಲು ತಂದು, ಜಿಪ್ಸಂ ಮಾಡಿ, ಅದೇ ಸೀಮೆಯ ಸಿಮೆಂಟ್ ಫ್ಯಾಕ್ಟರಿಗೆ ಕೊಡುವುದು ನನಗೆ ಬಹಳ ಇಷ್ಟದ ಕೆಲಸ. ಲಾರಿ ಹೊರಡುವ ಮುಂಚೆ ತೇವ, ಕ್ಲೋರೈಡ್, ಉಳಿದ ಕಾರ್ಬೊನೇಟ್ ಮೂರನ್ನೂ ಬರೆದು ಸಹಿ ಹಾಕಿ. ಕ್ಲೋರೈಡ್ ಜಾಸ್ತಿ ಇದ್ದರೆ ಬೆಲ್ಟ್ ಮೇಲೆ ಇನ್ನೊಮ್ಮೆ ಒಳ್ಳೆಯ ನೀರಿನಲ್ಲಿ ತೊಳೆಯಿರಿ.

ಟವರ್ ನಿಲ್ಲಿಸಿದಾಗ

ಪಂಪು ನಿಂತ ಕೂಡಲೇ ಲೈನ್ ಖಾಲಿ ಮಾಡಿ ನೀರು ಹಾಯಿಸಿ. ಪೈಪಿನಲ್ಲಿ ನಿಂತ ಸ್ಲರಿ ಬೇಗ ಕೂತು ಗಟ್ಟಿಯಾಗುತ್ತದೆ. ತೊಟ್ಟಿಯಲ್ಲಿ ಸ್ಲರಿ ಇರುವವರೆಗೆ ಅದನ್ನು ಕಲಕುವ ಅಜಿಟೇಟರ್ ನಿಲ್ಲಿಸಬೇಡಿ. ಒಳಗೆ ಇಳಿಯುವ ಮುಂಚೆ ಹೊಗೆ ಬರುವ ದಾರಿಯ ಡ್ಯಾಂಪರ್ ಮುಚ್ಚಿ ಬೀಗ ಹಾಕಿ, ಗಾಳಿ ಹಾಯಿಸಿ, ಆಮ್ಲಜನಕ ಮತ್ತು ಸಲ್ಫರ್ ಡೈಆಕ್ಸೈಡ್ ಎರಡನ್ನೂ ಅಳೆಯಿರಿ. ಹೊರಗೆ ಒಬ್ಬರು ನಿಂತಿರಲೇಬೇಕು.

ವೆಲ್ಡಿಂಗ್ ಬಗ್ಗೆ ಕಟ್ಟುನಿಟ್ಟಾಗಿರಿ. ಒಳಗೆಲ್ಲ ನೀರೇ ಇರುವ ಟವರಿಗೆ ಬೆಂಕಿ ಹತ್ತುವುದಾ ಅಂತ ಎಲ್ಲರೂ ಕೇಳುತ್ತಾರೆ. ಹತ್ತುತ್ತದೆ. ಒಳಗೋಡೆಯ ರಬ್ಬರ್, ಮಿಸ್ಟ್ ಎಲಿಮಿನೇಟರ್‌ನ ಪ್ಲಾಸ್ಟಿಕ್, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಪೈಪು ಎಲ್ಲವೂ ಉರಿಯುವಂಥವೇ. ಟವರ್ ಸ್ವತಃ ಒಂದು ಚಿಮಣಿ, ಗಾಳಿ ಎಳೆದುಕೊಂಡು ಉರಿಯುತ್ತದೆ. ಹೊರಗಿನ ತಗಡಿಗೆ ಬೆಸುಗೆ ಹಾಕಿದರೂ ಒಳಗಿನ ರಬ್ಬರ್ ಕಾಯುತ್ತದೆ. ಪರ್ಮಿಟ್ ಇಲ್ಲದೆ ಕಿಡಿ ಬೇಡ. ಕೆಳಗೆ ಒದ್ದೆ ಕಂಬಳಿ ಹಾಸಿ, ನೀರಿನ ಹೋಸ್ ಚಾಲೂ ಇಟ್ಟುಕೊಂಡು ಕೆಲಸ ಮಾಡಿಸಿ. ಮಿಸ್ಟ್ ಎಲಿಮಿನೇಟರ್ ತೊಳೆಯುವ ಪಂಪನ್ನು ಆ ದಿನ ರಿಪೇರಿಗೆ ಬಿಚ್ಚಬೇಡಿ. ವೆಲ್ಡರ್ ಹೊರಗೆ ಬಂದ ಮೇಲೂ ಒಂದು ಗಂಟೆ ಒಬ್ಬರನ್ನು ಅಲ್ಲೇ ಕಾವಲಿಗೆ ನಿಲ್ಲಿಸಿ, ಆಮೇಲೆ ಪರ್ಮಿಟ್‌ಗೆ ಸಹಿ ಹಾಕಿ.